ಕೋಶಕೇಂದ್ರದಲ್ಲಿ ಪ್ರೋಟೀನುಗಳ ಕೂಟವೂ ರಕ್ತಾರ್ಬುದವೂ

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಎಳೆಯ ಕೋಶಗಳು ಕ್ರಮವಾಗಿ ಬಲಿತು ರಕ್ತಕಣಗಳಾಗುವುದು ಆರೋಗ್ಯವಂತ ದೇಹದ ಧರ್ಮ. ತೀವ್ರ ಮೈಲಾಯ್ಡ್ ಲ್ಯೂಕೀಮಿಯವೆಂಬ ರಕ್ತಾರ್ಬುದದಲ್ಲಿ ಈ ಕೋಶಗಳು ಬಲಿಯುವುದನ್ನು ಮರೆತು ಬರಿದೆ ಇಮ್ಮಡಿಸುತ್ತ ಹೋಗುತ್ತವೆ. ಮಜ್ಜೆಯಲ್ಲಿ ಇತರ ಕಣಗಳಿಗೆ ಎಡೆಯಿಲ್ಲದಂತಾಗಿ ರೋಗಿಯು ಬಿಳುಚಿಕೊಳ್ಳುತ್ತಾನೆ. ಜ್ವರವೂ ರಕ್ತಸ್ರಾವವೂ ತೋರುತ್ತವೆ. ಎಳೆಯ ಕೋಶವು ಬಲಿಯದಿರಲು ಕಾರಣವೇನು? ಉತ್ತರವನ್ನು ಕೋಶಕೇಂದ್ರದಲ್ಲಿ ಅರಸಬೇಕು.

ಮಾನವನ ಒಂದು ಕೋಶದಲ್ಲಿರುವ ಡಿ.ಎನ್.ಎ. ತಂತುವನ್ನು ಬಿಡಿಸಿ ಚಾಚಿದರೆ ಸುಮಾರು 2 ಮೀಟರು ಉದ್ದವಾಗುತ್ತದೆ. ಅದು ಹಿಸ್ಟೋನುಗಳೆಂಬ ಪ್ರೋಟೀನುಗಳಿಗೆ ಸುತ್ತಿಕೊಂಡು ಕೋಶಕೇಂದ್ರದಲ್ಲಿ ಅಡಗಿರುತ್ತದೆ. ಯಾವ ಜೀನು ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿರ್ಣಯಿಸುವುದು ಒಂಟಿ ಪ್ರೋಟೀನಲ್ಲ, ಪ್ರೋಟೀನುಗಳ ಕೂಟ. ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ ತಂದ ರೈತನೂ ಕೊಳ್ಳುವ ವರ್ತಕನೂ ದಲಾಲಿ ಅಂಗಡಿಯಲ್ಲಿ ಕೂಡಿದಾಗ ವ್ಯವಹಾರ ಕುದುರುತ್ತದೆ. ಕೋಶಕೇಂದ್ರದಲ್ಲಿ ಅಂತಹ ದಲಾಲನ ಕೆಲಸವನ್ನು ಮೆನಿನ್ ಎಂಬ ಪ್ರೋಟೀನು ಮಾಡುತ್ತದೆ. ಎಂ.ಎಲ್.ಎಲ್. ಎಂಬ ಪ್ರೋಟೀನು ತನ್ನ ಒಂದು ತುದಿಯನ್ನು ಮೆನಿನ್‌ನ ಕುಳಿಯಲ್ಲಿ ಊರಿ, ಅದರ ನೆರವಿನಿಂದ ಹಾಕ್ಸ್-ಎ ಮತ್ತು ಮೈಸ್-1 ಮೊದಲಾದ ಜೀನುಗಳ ಬಳಿ ನೆಲೆಸುತ್ತದೆ. ಇವು ಎಳೆಯ ಕೋಶವು ಎಳೆಯದಾಗಿಯೇ ಇರುವಂತೆ ಮಾಡುವ ಜೀನುಗಳು. ಕೋಶವು ಬಲಿಯುವಾಗ ಅವು ತಗ್ಗಬೇಕು.

11ನೆಯ ವರ್ಣತಂತುವು ಮುರಿದು ಮತ್ತೊಂದರೊಡನೆ ಬೆಸೆದಾಗ ಎಂ.ಎಲ್.ಎಲ್. ಪ್ರೋಟೀನಿಗೆ ಅನ್ಯ ಬಾಲವೊಂದು ಅಂಟಿಕೊಳ್ಳುವುದುಂಟು. ಆದರೆ ಮೆನಿನ್‌ನೊಡನೆ ಕೂಡುವ ತುದಿ ಹಾಗೆಯೇ ಉಳಿಯುತ್ತದೆ. ಈ ವಿಕೃತ ಕೂಟವು ಆ ಜೀನುಗಳನ್ನು ಮುಚ್ಚಗೊಡುವುದಿಲ್ಲ. ಮೆನಿನ್ ಇಲ್ಲದೆ ಈ ಅರ್ಬುದವು ನಿಲ್ಲಲಾರದೆಂಬುದು 2005ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು.

ಅದೇ ವರ್ಷ ನ್ಯೂಕ್ಲಿಯೋಫಾಸ್ಮಿನ್ ಎಂಬ ಇನ್ನೊಂದು ಪ್ರೋಟೀನಿನ ವಿಷಯದಲ್ಲಿಯೂ ಎರಡು ಮುಖ್ಯ ಸಂಗತಿಗಳು ಬೆಳಕಿಗೆ ಬಂದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡವು, ಈ ಪ್ರೋಟೀನು ಹಿಸ್ಟೋನುಗಳಿಗೆ ಸಹಚರವಾಗಿ ನಿಂತು, ಅಸಿಟೈಲ್ ಗುಂಪುಗಳು ಕೂಡಿದಾಗ ಜೀನಿನ ಪ್ರತಿಲೇಖನವನ್ನು ಚುರುಕುಗೊಳಿಸುತ್ತದೆಂದು ತೋರಿಸಿತು. ಇಟಲಿಯ ಬ್ರೂನೊ ಫಾಲಿನಿ ಮತ್ತು ಸಂಗಡಿಗರು, ತೀವ್ರ ಮೈಲಾಯ್ಡ್ ಲ್ಯೂಕೀಮಿಯವುಳ್ಳ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಲ್ಲಿ ಇದರ ಜೀನು ಕೆಟ್ಟಿರುವುದನ್ನು ಕಂಡರು. ಸಾಮಾನ್ಯವಾಗಿ ಕೇವಲ 4 ಅಕ್ಷರಗಳು ಆ ಜೀನಿನಲ್ಲಿ ಹೆಚ್ಚಾಗಿ ಸೇರಿರುತ್ತವೆ. ಅಷ್ಟರಿಂದಲೇ ಪ್ರೋಟೀನಿನ ಬಾಲ ಬದಲಾಗಿ ಅದು ಕೋಶಕೇಂದ್ರವನ್ನು ತೊರೆದು ಹೊರಗಣ ಕೋಶರಸದಲ್ಲಿ ಸೇರುತ್ತದೆ. ಈ ಅರ್ಬುದಕೋಶಗಳಲ್ಲಿಯೂ ಹಾಕ್ಸ್-ಎ, ಮೈಸ್-1 ಜೀನುಗಳು ತೆರೆದೇ ಇರುತ್ತವೆ. ಅವಕ್ಕೂ ಮೆನಿನ್ ಮತ್ತು ಎಂ.ಎಲ್.ಎಲ್.ಗಳ ಕೂಟವೇ ಆಧಾರ.

ಆದಕಾರಣ ಈ ಕೂಟವನ್ನು ಮುರಿಯುವುದೇ ಚಿಕಿತ್ಸೆಯ ಮಾರ್ಗವಾಯಿತು. ದಲಾಲನ ಗಾದಿಯ ಮೇಲೆ ಅನ್ಯನು ಬಂದು ಕುಳಿತರೆ ವ್ಯವಹಾರ ನಿಲ್ಲುವಂತೆ, ರೆವ್ಯುಮೆನಿಬ್ ಎಂಬ ಔಷಧದ ಅಣುವು ಮೆನಿನ್‌ನ ಕುಳಿಯನ್ನು ತುಂಬಿ ಎಂ.ಎಲ್.ಎಲ್.ಗೆ ಎಡೆಗೊಡುವುದಿಲ್ಲ. ಎಳೆಯ ಕೋಶಗಳು ಮತ್ತೆ ಬಲಿಯತೊಡಗುತ್ತವೆ. ಎಂ.ಎಲ್.ಎಲ್. ಜೀನು ಮುರಿದು, ರೋಗವು ಮರುಕಳಿಸಿದ ಅಥವಾ ಚಿಕಿತ್ಸೆಗೆ ಮಣಿಯದ ರೋಗಿಗಳಿಗಾಗಿ ಅಮೆರಿಕದಲ್ಲಿ 2024ರ ನವೆಂಬರಿನಲ್ಲಿ ಇದಕ್ಕೆ ಅನುಮತಿ ದೊರೆಯಿತು. ಆದರೂ ಇದು ರಾಮಬಾಣವಲ್ಲ. ಕೆಲವರಲ್ಲಿ ಮೆನಿನ್‌ನ ಕುಳಿಯೇ ಮಾರ್ಪಟ್ಟು ಔಷಧ ನಾಟದೆ ಹೋಗುತ್ತದೆ. ಕೋಶಗಳು ಒಮ್ಮೆಲೇ ಬಲಿಯುವುದರಿಂದ ಪ್ರಾಣಾಪಾಯವೂ ಒದಗಬಹುದು.

ಈ ಜ್ಞಾನವು ರೋಗಿಗೆ ಒದಗಬೇಕಾದರೆ, ಅವನ ಕೋಶಗಳಲ್ಲಿ ಯಾವ ಜೀನು ಕೆಟ್ಟಿದೆಯೆಂಬುದು ಮೊದಲು ತಿಳಿಯಬೇಕು. ಸೂಕ್ಷ್ಮದರ್ಶಕದಲ್ಲಿ ರಕ್ತದ ಲೇಪವನ್ನು ನೋಡಿ ರೋಗವಿದೆಯೆನ್ನಬಹುದು. ಕೂಟದಲ್ಲಿ ಕೆಟ್ಟವರಾರೆಂದು ಅದರಿಂದ ಹೇಳಲಾಗದು. ನ್ಯೂಕ್ಲಿಯೋಫಾಸ್ಮಿನ್ ದೋಷವಿದ್ದು ಜೊತೆಗೆ ಎಫ್.ಎಲ್.ಟಿ.3 ಜೀನಿನ ದೋಷವಿಲ್ಲದಿದ್ದರೆ ಸಾಮಾನ್ಯ ಔಷಧಗಳಿಂದಲೇ ಗುಣವಾಗುವ ಭರವಸೆ ಹೆಚ್ಚು; ಮಜ್ಜೆಯ ಕಸಿಯ ಕಷ್ಟವೂ ವೆಚ್ಚವೂ ಹಲವರಿಗೆ ತಪ್ಪಬಹುದು. ಬೀದರಿನಿಂದ ಸುಮಾರು 700 ಕಿಲೋಮೀಟರು ದೂರದ ರಾಜಧಾನಿಗೆ ರೋಗಿಯು ಹೋಗಲಾರದಿದ್ದರೂ ಅವನ ರಕ್ತದ ಮಾದರಿ ಹೋಗಬಲ್ಲದು. ಕೋಶಕೇಂದ್ರದ ಅಧ್ಯಯನವು ಸಾರ್ಥಕವಾಗುವುದು, ಆ ಮಾದರಿಯ ಉತ್ತರವು ಸಕಾಲದಲ್ಲಿ ರೋಗಿಯ ಹಾಸಿಗೆಯ ಬಳಿಗೆ ಬಂದು ಸೇರಿದಾಗ.