ಕತ್ತಿನ ಮೇಲೆ ಒಂಚೂರು ಭಾರ

ದೊಡ್ಡಬಳ್ಳಾಪುರದ ಹೊರವಲಯದ ಆ ಶೆಡ್ಡಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ವೆಲ್ಡಿಂಗ್ ಕಿಡಿ ಹಾರುತ್ತಿತ್ತು. ಹಿಂದಿನ ಬೀದಿಯಿಂದ ಮಗ್ಗಗಳ ಸದ್ದು. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಗ್ರಿಲ್ಲು ಮಾಡುವ ಜಾಗ ಅದು. ಇವುಗಳ ನಡುವೆ ನಾವು ನೋಡಲು ಬಂದಿದ್ದ ಪುಟ್ಟ ಗಾಡಿ ನಿಂತಿತ್ತು: ಕಾರಿಗೆ ಸಿಕ್ಕಿಸಿಕೊಂಡು ಹೋಗುವ, ಒಂದೇ ಅಚ್ಚಿನ, ಎಂಟಡಿ ಉದ್ದದ ಮಲಗುವ ಡಬ್ಬಿ. ಯಾರೋ ಆರ್ಡರ್ ಕೊಟ್ಟು ಬಿಟ್ಟುಹೋಗಿದ್ದರಂತೆ. ಒಳಗೆ ಇಬ್ಬರು ಕಾಲು ಚಾಚುವಷ್ಟು ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ, ಅದರಡಿಯಲ್ಲಿ ನೀರಿನ ಟ್ಯಾಂಕು. ಮಕ್ಕಳಿಬ್ಬರಿಗೆ ಪಕ್ಕದಲ್ಲಿ ಟೆಂಟು ಹಾಕಿದರಾಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

‘ಮೂತಿ ಹಿಡ್ದು ಎತ್ತಿ ನೋಡಿ ಸಾರ್, ಎಷ್ಟು ಹಗುರ’ ಅಂದರು ಶೆಡ್ಡಿನವರು. ಎತ್ತಿದೆ. ಒಂದೇ ಕೈಗೆ ಬಂತು. ಜೊತೆಗೆ ಬಂದಿದ್ದ ಭಾವಮೈದನೂ ಎತ್ತಿ, ‘ಭಾವ, ನಮ್ಮ ಕಾರಿಗೆ ಇದು ಏನೂ ಅಲ್ಲ’ ಅಂದ. ಅಡ್ವಾನ್ಸ್ ಕೊಡುವುದಕ್ಕೆ ಜೇಬಿಗೆ ಕೈ ಹಾಕಿದ್ದೆ ಕೂಡ. ನನ್ನ ಹೆಂಡತಿ, ‘ಘಾಟಿಗೆ ಹೋಗಿ ಬಂದು ಕೊಡಿ’ ಎಂದು ತಡೆದಳು. ದೇವರ ಮೇಲಿನ ಭಕ್ತಿಯೋ ದುಡ್ಡಿನ ಮೇಲಿನ ಎಚ್ಚರವೋ ಕೇಳಲಿಲ್ಲ.

ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಗೆ ಬ್ರಹ್ಮರಥೋತ್ಸವ. ಅದಕ್ಕೂ ಮುಂಚಿನ ದಿನಗಳಲ್ಲಿ ದನಗಳ ಜಾತ್ರೆ. ಗರ್ಭಗುಡಿಯಲ್ಲಿ ಒಂದೇ ಕಲ್ಲಿನ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ದೇವರನ್ನು ಕನ್ನಡಿಯಲ್ಲಿ ನೋಡಬೇಕು. ದರ್ಶನ ಬೇಗ ಮುಗಿಯಿತು. ಜಾತ್ರೆಯ ಬಯಲಿಗಿಳಿದ ಮೇಲೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಕುಟುಂಬ ಸಮೇತ ಕ್ಯಾಂಪಿಂಗ್ ಎಂದರೆ ಹೊರದೇಶದ ವಿಡಿಯೋಗಳಲ್ಲಿ ನೋಡಿ ಕಲಿಯುವ ಸಂಗತಿ ಎಂದುಕೊಂಡಿದ್ದ ನನಗೆ ಆ ಬಯಲು ಸ್ವಲ್ಪ ನಾಚಿಕೆ ತರಿಸಿತು. ಹಲ್ಲಿಕಾರ್ ಎತ್ತಿನ ಜೋಡಿಗಳಿಗೆ ಪೆಂಡಾಲು, ಕೆಲವಕ್ಕೆ ಸೀರಿಯಲ್ ಸೆಟ್ಟಿನ ದೀಪ. ಎತ್ತಿನ ಯಜಮಾನರಿಗೆ ಮಾತ್ರ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಟ್ಟಿದ ಟಾರ್ಪಾಲು, ಅದರಡಿ ಹುಲ್ಲಿನ ಮೆತ್ತೆ, ಮೇಲೊಂದು ಕಂಬಳಿ. ಮೂರು ಕಲ್ಲಿನ ಒಲೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಸೊಗಡಿನ ವಾಸನೆ ಸಾಲಿನುದ್ದಕ್ಕೂ. ಟವೆಲ್ಲಿನೊಳಗೆ ಕೈಹಾಕಿ ಬೆರಳಲ್ಲೇ ವ್ಯಾಪಾರ ಮಾಡುವವರು, ಪಕ್ಕದಲ್ಲೇ ಫೋನಿನಲ್ಲಿ ದುಡ್ಡು ಹಾಕುವವರು. ಒಬ್ಬಾಕೆ ಟ್ರೇಲರಿನ ಬದಿಯ ಕೊಕ್ಕೆಗೆ ಕನ್ನಡಿ ಸಿಕ್ಕಿಸಿ ತಲೆ ಬಾಚಿಕೊಳ್ಳುತ್ತಿದ್ದಳು. ಒಂದು ವಾರದ ಸಂಸಾರ, ಅಚ್ಚುಕಟ್ಟಾಗಿ.

ಅಲ್ಲೊಂದು ಹಳೆಯ ಕಮಾನು ಗಾಡಿ ಕಂಡಿತು. ಬಿದಿರಿನ ಕಮಾನು, ಮೇಲೆ ಚಾಪೆ, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟೆ. ಮಾರಾಟಕ್ಕಲ್ಲ, ಅಂದಕ್ಕೆ ತಂದದ್ದು. ಪಕ್ಕದಲ್ಲಿ ಕೂತಿದ್ದ ಯಜಮಾನರು, ‘ಯಾವೂರಾಯ್ತು ಸ್ವಾಮಿ?’ ಎಂದು ಮಾತಿಗೆಳೆದರು. ನಾನು ಟ್ರೇಲರಿನ ಕಥೆ ಹೇಳಿದೆ. ಮೂತಿ ಒಂದೇ ಕೈಗೆ ಬಂತು ಎಂದಾಗ ಅವರ ಹುಬ್ಬು ಮೇಲೇರಿತು.

‘ಹಂಗಾರೆ ಅದು ಹಿಂಭಾರ.’

ಎದ್ದು ಬಂದು ತೋರಿಸಿದರು. ಗಾಡಿಯ ಹಿಂಬದಿಯಲ್ಲಿ ನನ್ನ ಭಾವಮೈದನನ್ನು ಕೂರಿಸಿದರು. ನೊಗ ಕಟ್ಟುವ ಮೂಕಿ ತನ್ನಷ್ಟಕ್ಕೆ ಆಕಾಶ ನೋಡತೊಡಗಿತು. ‘ಎತ್ತು ಕಟ್ಟಿರೋವಾಗ ಹಿಂಗಾದ್ರೆ ನೊಗ ಮೇಲಕ್ಕೆ ಏಳ್ತದೆ. ಕೊರಳ ಹಗ್ಗ ಗಂಟಲಿಗೆ ಬಿಗೀತದೆ. ಎತ್ತು ಎಳೆಯೋದ್ಹೆಂಗೆ?’ ಅವನನ್ನು ಮುಂದಕ್ಕೆ ಸರಿಸಿದರು, ಇನ್ನೊಂದಿಷ್ಟು ಸರಿಸಿದರು. ಮೂಕಿ ಮೆಲ್ಲಗೆ ಇಳಿದು ಅವರ ಅಂಗೈ ಮೇಲೆ ಕೂತಿತು. ಬಾ ಎಂದು ನನ್ನ ಕೈಯನ್ನೂ ಅಡಿಯಲ್ಲಿ ಇರಿಸಿದರು. ಹೆಚ್ಚು ಭಾರವಲ್ಲ, ಆದರೆ ಭಾರ ಇದೆ ಎಂದು ತಿಳಿಯುವಷ್ಟು. ‘ಗಾಡಿ ಹಗುರ ಇರ್ಲಿ. ಕತ್ತಿನ ಮ್ಯಾಲೆ ಮಾತ್ರ ಒಂಚೂರು ಕೂತ್ಕಂಬೇಕು. ಮುಂಭಾರ ಜಾಸ್ತಿ ಆದ್ರೆ ಎತ್ತಿನ ಹೆಗಲು ಹುಣ್ಣು, ಹಿಂಭಾರ ಆದ್ರೆ ಗಂಟಲು.’

ಕಾರಿಗೆ ಗಂಟಲಿಲ್ಲ, ಬಾಲ ಇದೆ. ಮೂತಿಯ ಮೇಲೆ ಭಾರ ಸಾಲದಿದ್ದರೆ ಕಾರಿನ ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ವೇಗ ಏರಿದಾಗ, ಇಳಿಜಾರಿನಲ್ಲಿ, ಪಕ್ಕದಲ್ಲಿ ಲಾರಿಯೊಂದು ಗಾಳಿ ಸೀಳಿ ಹೋದಾಗ ಟ್ರೇಲರ್ ಅತ್ತಿತ್ತ ತೂಗತೊಡಗುತ್ತದೆ. ಆ ತೂಗಾಟ ಒಮ್ಮೆ ಬೆಳೆದರೆ ಕಾರನ್ನೇ ತಿರುಗಿಸಿಬಿಡುತ್ತದೆ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು ಎಂಬುದು ಅಮೆರಿಕದಲ್ಲಿ ಇಂಥ ಗಾಡಿ ಎಳೆಯುವವರ ರೂಢಿಯ ಲೆಕ್ಕ. ಯಜಮಾನರು ಶೇಕಡಾ ಹೇಳಲಿಲ್ಲ, ಅಂಗೈ ತೋರಿಸಿದರು.

ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯರೊಬ್ಬರು 1885ರಲ್ಲಿ ಬರೀ ಸುತ್ತಾಟದ ಖುಷಿಗೆಂದೇ ‘ದಿ ವಾಂಡರರ್’ ಎಂಬ ಮನೆಗಾಡಿ ಕಟ್ಟಿಸಿಕೊಂಡಿದ್ದರು, ಎರಡು ಟನ್ನಿನಷ್ಟು ಭಾರ, ಎರಡು ಕುದುರೆ ಎಳೆಯುತ್ತಿದ್ದವು ಎಂದು ನಾನು ನನ್ನ ಪಾಂಡಿತ್ಯ ಬಿಚ್ಚಿದೆ. ಯಜಮಾನರು ತಮ್ಮ ಜೋಡಿಯ ಬೆನ್ನು ಸವರುತ್ತಾ ಕೇಳಿದರು: ‘ಜಾಲಿಗೆ ಎರಡು ಟನ್ನಾ? ಪಾಪ ಕುದ್ರೆ.’

ಹಾಗಾದರೆ ಎಷ್ಟು ಭಾರ ಸರಿ? ಅಲ್ಲೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಲೆಕ್ಕ ಬರೆದೆವು. ಟ್ರೇಲರೂ ಕಾನೂನಿನ ಕಣ್ಣಲ್ಲಿ ಒಂದು ವಾಹನವೇ. ಅದಕ್ಕೆ ಬೇರೆ ನೋಂದಣಿ ಬೇಕು. ವಾಹನ ವರ್ಗೀಕರಣದ ಎಐಎಸ್-053 ಮಾನದಂಡದಲ್ಲಿ ಸಾಮಾನು ಸೇರಿ 750 ಕೆ.ಜಿ. ಮೀರದ್ದು ಟಿ1 ವರ್ಗ. ನಮ್ಮಂಥವರು ಆ ಗೆರೆ ದಾಟದಿರುವುದು ಒಳ್ಳೆಯದು. ಶೆಡ್ಡಿನ ಗಾಡಿ ಖಾಲಿ 480 ಕೆ.ಜಿ. ಎಂದಿದ್ದರು. ಅದಕ್ಕೆ ಅರವತ್ತು ಲೀಟರ್ ನೀರು, ಅಂದರೆ 60 ಕೆ.ಜಿ. ಲೆಡ್ ಬ್ಯಾಟರಿ 50. ಹಾಸಿಗೆ, ಹೊದಿಕೆ 30. ಟೆಂಟು, ಕುರ್ಚಿ, ಮೇಜು 40. ಪಾತ್ರೆ, ದಿನಸಿ, ಒಲೆ, ಐದು ಕೆ.ಜಿ.ಯ ಪುಟ್ಟ ಸಿಲಿಂಡರ್ ಸೇರಿ 50. ಒಟ್ಟು 710. ಹೆಂಡತಿ ಚೀಟಿ ಕಸಿದುಕೊಂಡು, ‘ಮನೆ ಸಿಲಿಂಡರ್ ತರ್ತೀನಿ ಅಂತಿದ್ರಲ್ಲ?’ ಅಂದಳು. ಅದರಲ್ಲಿ ಗ್ಯಾಸೇ 14.2 ಕೆ.ಜಿ., ಕಬ್ಬಿಣವೂ ಸರಿಸುಮಾರು ಅಷ್ಟೇ. ಆ ಆಸೆ ಬಿಟ್ಟೆ. 710ಕ್ಕೆ ಹತ್ತರಿಂದ ಹದಿನೈದು ಪಾಲೆಂದರೆ ಕೊಂಡಿಯ ಮೇಲೆ 71ರಿಂದ 106 ಕೆ.ಜಿ., ಡಿಕ್ಕಿಯಲ್ಲಿ ಊಟಪ್ರಿಯ ಚಿಕ್ಕಪ್ಪ ಒಬ್ಬರು ಕೂತ ಹಾಗೆ. ಅಷ್ಟು ಭಾರದ ಲಗೇಜನ್ನು ಕಾರಿನಿಂದ ಇಳಿಸಬೇಕು. ಅದಕ್ಕೂ ಮೊದಲು ಕಾರಿನ ಕೈಪಿಡಿಯಲ್ಲಿ ಎಷ್ಟು ಎಳೆಯಬಹುದು ಎಂದು ಬರೆದಿದೆಯೇ ನೋಡಬೇಕು. ಬರೆದಿಲ್ಲ ಎಂದರೆ ಆ ಕಾರು ಎಳೆಯುವುದಕ್ಕಲ್ಲ, ಎಂಜಿನ್ ಎಷ್ಟೇ ದೊಡ್ಡದಿರಲಿ.

ಕೇರಳ 2021ರಲ್ಲಿ ‘ಕ್ಯಾರವಾನ್ ಕೇರಳ’ ಎಂಬ ಪ್ರವಾಸೋದ್ಯಮ ಯೋಜನೆ ಹೊರಡಿಸಿತಲ್ಲ, ಅದು ಹೆಚ್ಚಾಗಿ ಎಂಜಿನ್ನೇ ಇರುವ ದೊಡ್ಡ ಗಾಡಿಗಳ ಮಾತು. ಬಾಡಿಗೆಗೆ ಹಿಡಿಯುವವರಿಗೆ ಅದೇ ಸುಲಭ. ನಮ್ಮದು ಬೇರೆ ಹುಚ್ಚು.

ಇನ್ನೊಂದು ಸಂಗತಿ ಯಜಮಾನರ ಸೊಸೆಯಿಂದ ಗೊತ್ತಾಯಿತು. ಆಕೆ ಕಂಬಳಿಗಳನ್ನು ಟ್ರ್ಯಾಕ್ಟರಿನ ಮೇಲೆ ಒಣಹಾಕುತ್ತಿದ್ದಳು. ಇಬ್ಬನಿಯಾ ಎಂದು ಕೇಳಿದರೆ, ‘ಇಬ್ನಿ ಎಲ್ಲಣ್ಣ, ನಮ್ದೇ ಉಸ್ರು’ ಎಂದಳು. ಪುಷ್ಯದ ಚಳಿಯಲ್ಲಿ ಟಾರ್ಪಾಲನ್ನು ಸುತ್ತಲೂ ಬಿಗಿದು ಮಲಗಿದರೆ ಒಳಗಿನವರ ಉಸಿರೇ ತಣ್ಣನೆಯ ಹೊದಿಕೆಗೆ ತಾಗಿ ಹನಿಹನಿಯಾಗಿ ತಲೆ ಮೇಲೆ ತೊಟ್ಟಿಕ್ಕುತ್ತದಂತೆ. ಚಾಪೆಯ ಕಮಾನಿನಲ್ಲಿ ಈ ಕಾಟವಿಲ್ಲ, ಚಾಪೆ ಉಸಿರಾಡುತ್ತದೆ. ತಗಡಿನ ಡಬ್ಬಿಯ ಗತಿ ಟಾರ್ಪಾಲಿಗಿಂತ ಕಡೆ. ಶೆಡ್ಡಿನ ಗಾಡಿಯ ಚಾವಣಿಯಲ್ಲಿ ಗಾಳಿಕಿಂಡಿ ಇತ್ತೇ? ನನಗೂ ಭಾವಮೈದನಿಗೂ ನೆನಪಾಗಲಿಲ್ಲ. ಇಬ್ಬರೂ ನೋಡಿದ್ದು ಅಡುಗೆಕಟ್ಟೆಯ ಗ್ರಾನೈಟನ್ನು.

ಹೊರಡುವಾಗ ಯಜಮಾನರು ಒಂದು ಹೋರಿಯ ತುಟಿ ಬಿಡಿಸಿ ಎರಡು ಹಲ್ಲು ತೋರಿಸಿ ಅದರ ವಯಸ್ಸು ಹೇಳುತ್ತಿದ್ದರು. ಟ್ರೇಲರಿಗೂ ಹಲ್ಲಿದೆ. ಟೈರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ: ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಹೆಚ್ಚು ದಿನ ನಿಂತೇ ಇರುವ ಗಾಡಿಯ ಟೈರು ಸವೆಯುವ ಮೊದಲೇ ಬಿರಿಯುತ್ತದೆ. ಟೈರಿನ ಗುಂಡಿ ಸವೆದಿಲ್ಲ ಎಂದು ಮೋಸ ಹೋಗಬಾರದು, ಅಂಕಿ ಓದಬೇಕು.

ಸಂಜೆ ಶೆಡ್ಡಿಗೆ ಮರಳುವ ದಾರಿಯಲ್ಲಿ ನಾದಿನಿಯ ಮನೆಗೆ ಹೋಗಿ ಅವಳು ದಿನಾ ಬೈದುಕೊಳ್ಳುತ್ತಾ ಹತ್ತುವ ತೂಕದ ಮೆಷಿನ್ನನ್ನು ಎತ್ತಿಕೊಂಡು ಬಂದೆವು. ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಮೆಷಿನ್ನಿನ ಮೇಲೊಂದು ಮರದ ತುಂಡು ಇಟ್ಟು, ಕೊಂಡಿಯನ್ನು ಅದರ ಮೇಲೆ ಕೂರಿಸಿದೆವು. 24 ಕೆ.ಜಿ. ಖಾಲಿ ಗಾಡಿಗೇ ಇಷ್ಟು ಕಡಿಮೆ. ಹಿಂದಿನ ಟ್ಯಾಂಕಿಗೆ ಪೈಪಿನಲ್ಲಿ ನೀರು ಬಿಟ್ಟೆವು. ಟ್ಯಾಂಕು ತುಂಬುತ್ತಾ ಹೋದಂತೆ ಮುಳ್ಳು ಸೊನ್ನೆಯ ಕಡೆ ಜಾರಿತು, ಕೊನೆಗೆ ಕೊಂಡಿ ತಾನಾಗಿ ಮೇಲೆದ್ದು ಮರದ ತುಂಡು ಕೆಳಗುರುಳಿತು.

ಶೆಡ್ಡಿನವರು ತಲೆ ಕೆರೆದುಕೊಂಡರು. ಬಗ್ಗಿ ಅಚ್ಚು ನೋಡಿದರು, ಟೇಪು ಹಿಡಿದರು, ಸೀಮೆಸುಣ್ಣದಲ್ಲಿ ಚಾಸಿಯ ಮೇಲೆ ಒಂದು ಗೆರೆ ಎಳೆದರು. ‘ಟ್ಯಾಂಕ್ ಮುಂದಕ್ಕೆ ತರ್ತೀನಿ, ಅಚ್ಚು ಅರ್ಧ ಅಡಿ ಹಿಂದಕ್ಕೆ ಹಾಕ್ತೀನಿ ಸಾರ್. ಮೇಲೆ ಒಂದು ಕಿಂಡಿನೂ ಕೊರೀತೀನಿ. ಮುಂದಿನ ಶುಕ್ರವಾರ ಬನ್ನಿ.’

ನನ್ನ ಹೆಂಡತಿ ಅಷ್ಟರಲ್ಲಿ ಮೊಬೈಲಿನ ಬೆಳಕು ಬಿಟ್ಟುಕೊಂಡು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ‘2316 ಅಂತಿದೆ ನೋಡ್ರಿ. ಇದು ನಮ್ಮ ಚಿಕ್ಕವನಿಗಿಂತ ದೊಡ್ಡದು.’