ಕೌದಿಯ ಅಂಚಿಗೆ ಎಂಥ ಬಟ್ಟೆ?



ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿ ಎಲ್ಲರಿಗೂ ಗೊತ್ತು. ಹುಟ್ಟಿದ ಕೂಸಿಗೆ ಕೌದಿ ಬೇಕು. ಬಾಣಂತಿಗೆ ಕೌದಿ ಬೇಕು. ಬೀಗರು ಬಂದರೆ ಹಾಸಲು ಕೌದಿ ಬೇಕು. ಹಳೆಯ ಸೀರೆ, ಧೋತರ, ಅಂಗಿ, ಕುಬಸ ಎಲ್ಲ ಸೇರಿ ಒಂದು ಕೌದಿ ಆಗುತ್ತದೆ. ಕೌದಿ ಹೊಲಿಯುವುದನ್ನು ನಿಮಗೆ ನಾವು ಕಲಿಸಬೇಕಾಗಿಲ್ಲ. ನಾವೇ ನಿಮ್ಮಂಥವರ ಹತ್ತಿರ ಕುಳಿತು ಕಲಿತೆವು.

ಈ ಪಾಠದಲ್ಲಿ ಒಂದೇ ಮಾತು. ಕೌದಿಯ ನಾಲ್ಕೂ ಕಡೆ ಅಂಚು ಹಚ್ಚುತ್ತೇವಲ್ಲ, ಆ ಬಟ್ಟೆಯನ್ನು ಹೇಗೆ ಆರಿಸಬೇಕು? ಇದನ್ನು ಬರೆಯಲು ಒಂದು ಕಾರಣ ಇದೆ. ಮೊದಲು ಅದನ್ನು ಹೇಳುತ್ತೇವೆ.

ನಾವು ಮಾಡಿದ ತಪ್ಪು

ನಮ್ಮ ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳು ಟ್ರಂಕಿನಲ್ಲಿ ಉಳಿದಿದ್ದವು. ಅಪ್ಪನ ಎರಡು ಬಿಳಿ ಧೋತರವೂ ಇದ್ದವು. ಎಲ್ಲ ಸೇರಿಸಿ ಒಂದು ಕೌದಿ ಹೊಲಿಯಲು ಕುಳಿತೆವು. ಹಗಲು ಶಾಲೆ. ಸಂಜೆ ಕಲಿಕಾ ಕೇಂದ್ರ. ರಾತ್ರಿ ಊಟ ಆದ ಮೇಲೆ ಕೌದಿ. ಹೀಗೆ ನಾಲ್ಕು ತಿಂಗಳು ಹಿಡಿಯಿತು.

ಕೊನೆಗೆ ಅಂಚು ಉಳಿಯಿತು. ಚಂದ ಕಾಣಲಿ ಎಂದು ಸಂತೆಯಿಂದ ಹೊಸ ಕೆಂಪು ಬಟ್ಟೆ ತಂದೆವು. ಅಂದೇ ಕತ್ತರಿಸಿ ಹಚ್ಚಿದೆವು. ನೋಡಿದವರೆಲ್ಲ ‘ಭಾಳ ಚಂದ ಆಗೇತ್ರಿ’ ಅಂದರು.

ಮೊದಲ ಸಲ ಒಗೆದ ದಿನ ಬಕೆಟ್ಟಿನ ನೀರೆಲ್ಲ ಕೆಂಪಾಯಿತು. ಗಾಬರಿಯಿಂದ ಕೌದಿಯನ್ನು ಎತ್ತಿ ನೋಡಿದೆವು. ಅಪ್ಪನ ಬಿಳಿ ಧೋತರದ ತುಂಡುಗಳ ಮೇಲೆ ಕೆಂಪು ಬಣ್ಣ ಹರಿದಿತ್ತು. ಒಣಗಿದ ಮೇಲೆ ಇನ್ನೊಂದು ತೊಂದರೆ ಕಂಡಿತು. ಅಂಚು ಕುಗ್ಗಿತ್ತು. ಕೌದಿಯ ನಡುಭಾಗ ಉಬ್ಬಿಕೊಂಡು ಗಂಟುಕಟ್ಟಿದ ಹಾಗೆ ಕಾಣುತ್ತಿತ್ತು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಹಿರಿಯ ತಾಯಿ ಬರುತ್ತಾರೆ. ಅವರನ್ನು ನಾವು ಆಯಿ ಎನ್ನುತ್ತೇವೆ. ಅವರಿಗೆ ಕೌದಿ ತೋರಿಸಿದೆವು.

‘ಅಕ್ಕಾರ, ಬಟ್ಟಿ ಮೊದಲ ನೀರಾಗ ತೋಯಿಸಿದ್ರೇನ್ರಿ?’ ಎಂದು ಕೇಳಿದರು.

‘ಇಲ್ಲಬೇ ಆಯಿ’ ಅಂದೆವು.

‘ಮತ್ತ? ಸೊಸಿ ತರೂ ಮುಂದ ಮನಿತನ ನೋಡ್ತೀವಿ. ಅಂಚು ತರೂ ಮುಂದ ಬಟ್ಟಿ ಗುಣಾ ನೋಡಬ್ಯಾಡೇನ್ರಿ?’

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅವ್ವನ ಸೀರೆ, ಅಪ್ಪನ ಧೋತರ ಮತ್ತೆ ಸಿಗುವಂಥವಲ್ಲ. ಹಾಗಾಗಿ ಆಯಿ ಹೇಳಿದ್ದನ್ನೂ ನಾವು ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇವೆ. ನಿಮ್ಮ ಕೌದಿಗೆ ಹೀಗೆ ಆಗುವುದು ಬೇಡ.

ಅಂಚು ಏಕೆ ಬೇಕು?

ಕೌದಿಯಲ್ಲಿ ನಾಲ್ಕೈದು ಪದರ ಬಟ್ಟೆ ಇರುತ್ತದೆ. ಎಲ್ಲ ಪದರಗಳ ತುದಿ ಬಂದು ಕೂಡುವುದು ಅಂಚಿನಲ್ಲಿ. ಅಲ್ಲಿ ಬಟ್ಟೆ ಮುಚ್ಚದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ.

ಹೊದೆಯುವಾಗ ನಾವು ಹಿಡಿದು ಎಳೆಯುವುದು ಅಂಚನ್ನೇ. ಕಾಲು ತಿಕ್ಕುವುದು ಅಂಚಿಗೇ. ಒಗೆದು ಹಿಂಡುವಾಗ, ಹಗ್ಗಕ್ಕೆ ಹಾಕುವಾಗ ಭಾರ ಬೀಳುವುದೂ ಅಂಚಿನ ಮೇಲೆ. ಅದಕ್ಕೆ ಕೌದಿ ಮೊದಲು ಹರಿಯುವುದು ಅಂಚಿನಲ್ಲಿ. ಅಂಚಿನ ಬಟ್ಟೆ ಗಟ್ಟಿ ಇರಬೇಕು. ಚಂದ ಆಮೇಲೆ ನೋಡೋಣ.

ಕೆಲವರು ಅಂಚನ್ನು ಮೊದಲೇ ಹಚ್ಚುತ್ತಾರೆ. ಕೆಲವರು ಕೊನೆಗೆ ಹಚ್ಚುತ್ತಾರೆ. ಯಾವಾಗ ಹಚ್ಚಿದರೂ ಸರಿ. ಆದರೆ ಬಟ್ಟೆಯನ್ನು ಮೊದಲೇ ಆರಿಸಿ, ಪರೀಕ್ಷೆ ಮಾಡಿ ಇಟ್ಟುಕೊಳ್ಳಬೇಕು.

ನಾಲ್ಕು ಪರೀಕ್ಷೆ

1. ಗಟ್ಟಿತನದ ಪರೀಕ್ಷೆ

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಜಾಳು ಜಾಳು ಕಂಡರೆ ಅಲ್ಲಿ ಸವೆದಿದೆ ಎಂದು ಅರ್ಥ. ಎರಡೂ ಹೆಬ್ಬೆರಳು ಹತ್ತಿರ ಇಟ್ಟು ಬಟ್ಟೆಯನ್ನು ಎಳೆಯಿರಿ. ಉದ್ದಕ್ಕೂ ಎಳೆಯಿರಿ, ಅಡ್ಡಕ್ಕೂ ಎಳೆಯಿರಿ. ಚರ್ ಎಂದರೆ ಅದು ಅಂಚಿಗೆ ಬೇಡ. ಅದನ್ನು ಒಳಪದರಕ್ಕೆ ಹಾಕಿರಿ.

2. ಬಣ್ಣದ ಪರೀಕ್ಷೆ

ಅಂಚಿನ ಬಟ್ಟೆಯ ಸಣ್ಣ ತುಂಡು ಕತ್ತರಿಸಿರಿ. ಅದನ್ನು ಒಂದು ಬಿಳಿ ಬಟ್ಟೆಯ ಚೂರಿನ ಜೊತೆ ಬಿಸಿನೀರು, ಸೋಪಿನಲ್ಲಿ ಅರ್ಧ ತಾಸು ನೆನೆಸಿರಿ. ತೆಗೆದು ಎರಡನ್ನೂ ಒಟ್ಟಿಗೆ ತಿಕ್ಕಿರಿ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿದರೆ ಚಿಂತೆ ಇಲ್ಲ. ಅದಕ್ಕೆ ಬಣ್ಣ ಹತ್ತಿದರೆ ಎಚ್ಚರ!

ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ಎರಡು ಮೂರು ಸಲ ಒಗೆಯಿರಿ. ಮತ್ತೆ ಪರೀಕ್ಷೆ ಮಾಡಿರಿ. ಆಗಲೂ ಬಣ್ಣ ಬಿಟ್ಟರೆ ಅದನ್ನು ಕೌದಿಗೆ ಹಚ್ಚಲೇಬೇಡಿ. ‘ಉಪ್ಪುನೀರಾಗ ಹಾಕಿದ್ರ ಬಣ್ಣ ನಿಲ್ತೈತಿ’ ಎಂದು ಹಲವರು ಹೇಳುತ್ತಾರೆ. ಆ ಮಾತನ್ನು ನಂಬಿ ಕೂರಬಾರದು. ಪರೀಕ್ಷೆಯಲ್ಲಿ ಪಾಸಾದ ಬಟ್ಟೆಯನ್ನೇ ನಂಬಬೇಕು. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ತಪ್ಪದೇ ಪರೀಕ್ಷೆ ಮಾಡಿರಿ.

3. ಕುಗ್ಗುವ ಪರೀಕ್ಷೆ

ಹೊಸ ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಕೆಲವು ಬಟ್ಟೆ 100 ಇಂಚಿಗೆ 4-5 ಇಂಚು ಕುಗ್ಗುವುದುಂಟು. ಆದರೆ ಕೌದಿಯ ಹಳೆಯ ಸೀರೆಗಳು ನೂರು ಸಲ ನೀರು ಕಂಡಿವೆ. ಅವು ಇನ್ನು ಕುಗ್ಗುವುದಿಲ್ಲ. ಅಂಚು ಮಾತ್ರ ಕುಗ್ಗಿದರೆ ಏನಾಗುತ್ತದೆ? ಚೀಲದ ಬಾಯಿಗೆ ಹಾಕಿದ ದಾರ ಎಳೆದಂತೆ ಆಗುತ್ತದೆ. ನಮ್ಮ ಕೌದಿಗೆ ಆದದ್ದು ಇದೇ.

ಅದಕ್ಕೆ ಹೊಸ ಬಟ್ಟೆ ತಂದರೆ ರಾತ್ರಿ ಇಡೀ ನೆನೆಸಿರಿ. ಒಗೆದು, ಒಣಗಿಸಿ, ಆಮೇಲೆ ಅಳೆದು ಕತ್ತರಿಸಿರಿ. ನೆನೆಸುವ ಮೊದಲು ಒಮ್ಮೆ ಅಳೆಯಿರಿ. ಒಣಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡೂ ಅಳತೆ ಬರೆದಿಡಿ. ಬಟ್ಟೆ ಎಷ್ಟು ಕುಗ್ಗಿತು ಎಂದು ನಿಮಗೇ ತಿಳಿಯುತ್ತದೆ.

4. ನೂಲಿನ ಪರೀಕ್ಷೆ

ಹತ್ತಿ ಕೌದಿಗೆ ಹತ್ತಿ ಅಂಚು ಒಳ್ಳೆಯದು. ಎರಡೂ ಒಂದೇ ರೀತಿ ನೆನೆಯುತ್ತವೆ, ಒಂದೇ ರೀತಿ ಒಣಗುತ್ತವೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಗಟ್ಟಿ ಇರಬಹುದು. ಆದರೆ ಸೂಜಿಯ ಕೆಳಗೆ ಜಾರುತ್ತದೆ. ಬೆವರು ಹೀರುವುದಿಲ್ಲ.

ಯಾವ ನೂಲು ಎಂದು ತಿಳಿಯದಿದ್ದರೆ ಎರಡು ಮೂರು ಎಳೆ ತೆಗೆಯಿರಿ. ನೀರು ಹಾಕಿದ ತಟ್ಟೆಯ ಮೇಲೆ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಆದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಂತೆ ಆದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಮಕ್ಕಳನ್ನು ದೂರ ಇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಹಳೆಯ ಸೀರೆಯ ದಡಿ

ಅಂಚಿಗೆ ಹೊಸ ಬಟ್ಟೆಯೇ ಬೇಕೆಂದಿಲ್ಲ. ಹಳೆಯ ಸೀರೆಯ ದಡಿಯನ್ನೇ ಬಿಡಿಸಿ ಹಚ್ಚಬಹುದು. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ನಿಮಗೆ ಗೊತ್ತು. ಚಿಕ್ಕಿ ದಡಿ, ಗೋಮಿ ದಡಿ ಎಂದು ಅದರಲ್ಲಿ ಬೇರೆ ಬೇರೆ ದಡಿಗಳಿವೆ. ಕೌದಿಗೆ ಅವು ಬಹಳ ಒಪ್ಪುತ್ತವೆ.

ಆದರೆ ಮೂರು ಮಾತು ನೆನಪಿರಲಿ.

ಒಂದು, ಸೀರೆಯ ಕೆಳಗಿನ ದಡಿ ನೆಲಕ್ಕೆ ತಿಕ್ಕಿ ಸವೆದಿರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಮೇಲಿನ ದಡಿ ಹೆಚ್ಚು ಗಟ್ಟಿ ಉಳಿದಿರಬಹುದು. ಎರಡನ್ನೂ ಬೆಳಕಿಗೆ ಹಿಡಿದು ನೋಡಿರಿ.

ಎರಡು, ಇಳಕಲ್ ಸೀರೆಯ ಮೈ ಹತ್ತಿಯದಾದರೂ ದಡಿ ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು ಇರುತ್ತದೆ. ಅಂಥ ದಡಿ ಹಚ್ಚಿದ ಕೌದಿಯನ್ನು ಕುದಿಯುವ ನೀರಿನಲ್ಲಿ ಹಾಕಬಾರದು. ಕಲ್ಲಿಗೆ ಬಡಿಯಬಾರದು.

ಮೂರು, ಜರಿ ಇರುವ ದಡಿ ಚರ್ಮಕ್ಕೆ ಚುಚ್ಚುತ್ತದೆ. ಕೂಸಿನ ಕೌದಿಗೆ ಜರಿ ಬೇಡ. ಕೂಸಿಗೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯೇ ಸಾಕು.

ದಡಿಯ ಅಗಲ ಸಾಲದಿದ್ದರೆ ಒಂದು ಉಪಾಯ ಇದೆ. ದಡಿಯನ್ನಷ್ಟೇ ಬಿಡಿಸಬೇಡಿ. ಅದಕ್ಕೆ ಹೊಂದಿದ ಸೀರೆಯ ಮೈಯನ್ನೂ ಮೂರು ಬೆರಳಿನಷ್ಟು ಸೇರಿಸಿ ಕತ್ತರಿಸಿರಿ. ದಡಿ ಮುಂದೆ ಕಾಣುತ್ತದೆ. ಮೈಬಟ್ಟೆ ಹಿಂದೆ ಮಡಚಿಕೊಳ್ಳುತ್ತದೆ.

ಬಣ್ಣ ಮತ್ತು ಚಿತ್ತಾರ

ಕೌದಿಯ ಮೈತುಂಬ ಹತ್ತು ಬಣ್ಣ ಇರುತ್ತವೆ. ಅದಕ್ಕೆ ಅಂಚು ಒಂದೇ ಬಣ್ಣದ್ದಿದ್ದರೆ ಕಣ್ಣಿಗೆ ಹಿತ. ಕೌದಿಯೊಳಗೆ ಇರುವ ಒಂದು ಬಣ್ಣವನ್ನೇ ಅಂಚಿಗೆ ಆರಿಸಿರಿ. ಆಗ ಹೊಂದಿಕೆ ಆಗುತ್ತದೆ.

ದಿನಾ ಹೊದೆಯುವ ಕೌದಿಗೆ ಕಡುಬಣ್ಣದ ಅಂಚು ಒಳ್ಳೆಯದು. ತಲೆಯ ಎಣ್ಣೆ, ಕೈಯ ಜಿಡ್ಡು ಬೇಗ ಎದ್ದು ಕಾಣುವುದಿಲ್ಲ. ಕಾಣದಿದ್ದರೂ ಒಗೆಯುವುದನ್ನು ಮರೆಯಬಾರದು!

ದೊಡ್ಡ ಹೂವಿನ ಬಟ್ಟೆ ಅಂಚಿಗೆ ಬೇಡ. ಎರಡು ಇಂಚಿನ ಪಟ್ಟಿಯಲ್ಲಿ ಹೂವು ಅರ್ಧಕ್ಕೆ ತುಂಡಾಗುತ್ತದೆ. ಸಣ್ಣ ಚುಕ್ಕೆ, ಸಣ್ಣ ಚೌಕಡಿ, ಗೆರೆ ಇದ್ದರೆ ಚಂದ.

ಕತ್ತರಿಸುವ ಮೊದಲು ಕೌದಿಯನ್ನು ಅಂಗಳದಲ್ಲಿ ಹಗಲುಬೆಳಕಿನಲ್ಲಿ ಹಾಸಿರಿ. ಎರಡು ಮೂರು ಬಟ್ಟೆಗಳನ್ನು ಅಂಚಿನ ಮೇಲೆ ಇಟ್ಟು, ಹತ್ತು ಹೆಜ್ಜೆ ದೂರ ನಿಂತು ನೋಡಿರಿ. ಯಾವುದು ಒಪ್ಪುತ್ತದೆ ಎಂದು ಆಗ ತಿಳಿಯುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನರಿದ್ದಾರೆ. ಅಲ್ಲಿಯ ಹೆಣ್ಣುಮಕ್ಕಳೂ ಬಹಳ ಚಂದದ ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಹೊಲಿಗೆ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಚಿ ಹಚ್ಚುತ್ತಾರೆ. ಅದಕ್ಕೆ ‘ಫೂಲ್’ ಅಂದರೆ ಹೂವು ಎನ್ನುತ್ತಾರೆ. ಕೌದಿಗೆ ಫೂಲ್ ಇಲ್ಲದಿದ್ದರೆ ಅವರಿಗೆ ಅದು ಬರಿಮೈ ಕಂಡಂತೆ.

ಎಷ್ಟು ಬಟ್ಟೆ ಬೇಕು? ಲೆಕ್ಕ ಮಾಡೋಣ

ಅಂಗಡಿಯವರು ‘ಎರಡೂವರೆ ಮೀಟರ್ ಬೇಕಾಗ್ತೈತಿ’ ಅಂದರೆ ಹಾಗೇ ತರಬೇಡಿ. ಈಗ ನಿಮಗೆ ಓದು ಬರಹ ಲೆಕ್ಕ ಬರುತ್ತದೆ. ಮನೆಯಲ್ಲೇ ಲೆಕ್ಕ ಮಾಡಿಕೊಂಡು ಹೋಗಿರಿ.

ಕೌದಿಯ ಉದ್ದ 6 ಅಡಿ, ಅಗಲ ನಾಲ್ಕೂವರೆ ಅಡಿ ಇದೆ ಎಂದುಕೊಳ್ಳಿ.

ಎರಡು ಉದ್ದ: 6 + 6 = 12 ಅಡಿ.
ಎರಡು ಅಗಲ: 4½ + 4½ = 9 ಅಡಿ.
ಒಟ್ಟು ಸುತ್ತಳತೆ: 12 + 9 = 21 ಅಡಿ.
ಮೂಲೆಗೆ ಮಡಚಲು 1 ಅಡಿ ಹೆಚ್ಚು: 22 ಅಡಿ.
1 ಅಡಿಗೆ 12 ಇಂಚು. 22 ಅಡಿಗೆ 264 ಇಂಚು.

ಅಂಚು ಮುಂದೆ 2 ಇಂಚು, ಹಿಂದೆ 2 ಇಂಚು ಕಾಣಬೇಕು. ಒಳಗೆ ಮಡಚಲು ಎರಡೂ ಬದಿಗೆ ಅರ್ಧ ಅರ್ಧ ಇಂಚು ಬೇಕು. ಅಂದರೆ ಪಟ್ಟಿಯ ಅಗಲ 5 ಇಂಚು.

36 ಇಂಚು ಪನ್ನದ ಬಟ್ಟೆ ತಂದರೆ, ಅಡ್ಡಕ್ಕೆ ಕತ್ತರಿಸಿದ ಒಂದು ಪಟ್ಟಿ 36 ಇಂಚು ಉದ್ದ ಬರುತ್ತದೆ. 8 ಪಟ್ಟಿಗೆ 288 ಇಂಚು ಆಯಿತು. ಪಟ್ಟಿಗಳನ್ನು ಕೂಡಿಸುವಾಗ 7 ಕಡೆ ಒಂದೊಂದು ಇಂಚು ಒಳಗೆ ಹೋಗುತ್ತದೆ. 281 ಇಂಚು ಉಳಿಯುತ್ತದೆ. ನಮಗೆ ಬೇಕಾದದ್ದು 264. ಸಾಕಾಯಿತು.

8 ಪಟ್ಟಿ, ಒಂದೊಂದು 5 ಇಂಚು ಅಗಲ. 8 × 5 = 40 ಇಂಚು. ಒಂದು ಮೀಟರ್ ಅಂದರೆ 39 ಇಂಚಿಗಿಂತ ಸ್ವಲ್ಪ ಹೆಚ್ಚು. ಕುಗ್ಗುವುದಕ್ಕೂ ಸೇರಿಸಿ ಒಂದೂಕಾಲು ಮೀಟರ್ ತಂದರೆ ಸಾಕು. ಎರಡೂವರೆ ಮೀಟರ್ ಬೇಡ. ಅರ್ಧ ದುಡ್ಡು ಉಳಿಯಿತು!

ಪಟ್ಟಿಯನ್ನು ಎಳೆಯ ದಾರಿ ಹಿಡಿದು ನೇರಕ್ಕೆ ಕತ್ತರಿಸಿರಿ. ಓರೆಯಾಗಿ ಕತ್ತರಿಸಿದರೆ ಬಟ್ಟೆ ಹಿಗ್ಗುತ್ತದೆ. ಅಂಚು ಅಲೆ ಅಲೆ ಆಗುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ಕೌದಿಯನ್ನು ನೆಲಕ್ಕೆ ಹಾಸಿ ನೋಡಿರಿ. ಸಮ ಇದ್ದರೆ ಮಾತ್ರ ಪಕ್ಕಾ ಹೊಲಿಗೆ ಹಾಕಿರಿ.

ಬಣ್ಣ ಹರಿದರೆ ಏನು ಮಾಡಬೇಕು?

ಒಗೆಯುವಾಗ ನೀರು ಕೆಂಪಾದರೆ ಕೌದಿಯನ್ನು ಒಣಗಲು ಬಿಡಬೇಡಿ. ಹಸಿ ಇರುವಾಗಲೇ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸಿರಿ. ನೀರು ತಿಳಿ ಆಗುವವರೆಗೂ ಜಾಲಿಸಿರಿ. ಒದ್ದೆ ಕೌದಿಯನ್ನು ಮುದ್ದೆ ಮಾಡಿ ಇಡಬಾರದು. ಕೂಡಲೇ ಬಿಡಿಸಿ ಹರವಬೇಕು. ಕಲೆ ಒಮ್ಮೆ ಒಣಗಿತೆಂದರೆ ತೆಗೆಯುವುದು ಬಹಳ ಕಷ್ಟ.

ಆಗ ನಮಗೆ ಇದು ಗೊತ್ತಿರಲಿಲ್ಲ. ನಾವು ಕೌದಿಯನ್ನು ಹಾಗೇ ಬಿಸಿಲಿಗೆ ಹಾಕಿದೆವು. ಕಲೆ ಕುಳಿತುಬಿಟ್ಟಿತು.

ಆಮೇಲೆ ಆಯಿ ನಮ್ಮ ಮನೆಗೇ ಬಂದರು. ಕೆಂಪು ಅಂಚನ್ನು ನಮ್ಮ ಜೊತೆ ಕುಳಿತು ಬಿಚ್ಚಿದರು. ಟ್ರಂಕಿನ ತಳದಲ್ಲಿ ಅವ್ವನ ಇನ್ನೊಂದು ಇಳಕಲ್ ಸೀರೆ ಇತ್ತು. ಮೈ ಪೂರಾ ಜಾಳಾಗಿತ್ತು. ಮೇಲಿನ ದಡಿ ಮಾತ್ರ ಗಟ್ಟಿ ಇತ್ತು. ಬೆಳಕಿಗೆ ಹಿಡಿದೆವು. ಬಿಳಿ ಬಟ್ಟೆಯ ಜೊತೆ ನೆನೆಸಿ ನೋಡಿದೆವು. ಬಣ್ಣ ಬಿಡಲಿಲ್ಲ. ಟೇಪು ಹಿಡಿದು ಅಳೆದವರು ಆಯಿ. ಅಂಕಿಗಳನ್ನು ತಾವೇ ಓದಿ ಹೇಳಿದರು. ನಾವು ಬರೆದುಕೊಂಡೆವು. ಅದೇ ದಡಿಯನ್ನು ಹಚ್ಚಿದೆವು.

ಈಗ ಆ ಕೌದಿಯನ್ನು ನಮ್ಮ ಮಗಳು ಹೊದೆಯುತ್ತಾಳೆ. ‘ಅಜ್ಜನ ಧೋತರ ಯಾಕ ಕೆಂಪ ಆಗೇತಿ?’ ಎಂದು ಒಮ್ಮೆ ಕೇಳಿದಳು. ‘ನಾವು ಅವಸರ ಮಾಡಿದ್ವಿ’ ಅಂದೆವು.

ನೀವು ಮಾಡಿರಿ

1. ನಿಮ್ಮ ಮನೆಯ ಒಂದು ಕೌದಿಯ ಉದ್ದ, ಅಗಲ ಅಳೆದು ಬರೆಯಿರಿ. ಸುತ್ತಳತೆ ಎಷ್ಟು?
2. ಆ ಕೌದಿ ಎಲ್ಲಿ ಮೊದಲು ಹರಿದಿದೆ? ನೋಡಿ ಬರೆಯಿರಿ.
3. ಅದರಲ್ಲಿ ಯಾರು ಯಾರ ಬಟ್ಟೆ ಇದೆ? ಅವರ ಹೆಸರು ಬರೆಯಿರಿ. ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿರಿ.