ಹತ್ತು ಸಾವಿರಕ್ಕೆ ಎಂಟು

ಬೆಳಗಾವಿ ಜಿಲ್ಲೆಯಲ್ಲಿ 2005ರ ಆಸುಪಾಸಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 34 ಮಂದಿಯಲ್ಲಿ ಎಚ್‌ಐವಿ ಸಿಕ್ಕಿತು. ಮೂವರಲ್ಲಿ ಒಬ್ಬಳು!

ವಿಚಿತ್ರವೆಂದರೆ, ಅಂಟಿಕೊಳ್ಳುವ ವಿಷಯದಲ್ಲಿ ಈ ವೈರಸ್ಸು ಮಹಾ ಸೋಮಾರಿ. ಸೋಂಕಿರುವ, ಚಿಕಿತ್ಸೆ ಪಡೆಯದ ಗಂಡಸಿನೊಡನೆ ಕಾಂಡೋಮ್ ಇಲ್ಲದೆ ಒಮ್ಮೆ ಕೂಡಿದರೆ ಹೆಣ್ಣಿಗೆ ತಗಲುವ ಸಂಭವ ಸರಾಸರಿ ಹತ್ತು ಸಾವಿರಕ್ಕೆ 8. ಹಾಗಿದ್ದರೆ ಆ 34 ಎಲ್ಲಿಂದ ಬಂತು?

ಲೆಕ್ಕಕ್ಕೆಂದು ದಿನಕ್ಕೆ ಇಬ್ಬರು ಗಿರಾಕಿ, ವರ್ಷಕ್ಕೆ 300 ದಿನ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ 6,000 ಸಲವಾಯಿತು. ನೂರು ಗಂಡಸರಲ್ಲಿ ಐವರಿಗೆ ಸೋಂಕಿದ್ದರೆ ಅಪಾಯದ ಭೇಟಿಗಳು 300. ಒಮ್ಮೆಯೂ ಕಾಂಡೋಮ್ ಬಳಸದಿದ್ದರೆ ನೂರು ಹೆಂಗಸರಲ್ಲಿ ಸುಮಾರು 21 ಮಂದಿ ಸೋಂಕಿತರಾಗುತ್ತಾರೆ. ಗುಪ್ತರೋಗದ ಹುಣ್ಣುಗಳಿದ್ದರೆ ಇನ್ನೂ ಹೆಚ್ಚು. ಹತ್ತರಲ್ಲಿ ಒಂಬತ್ತು ಸಲ ಕಾಂಡೋಮ್ ಬಳಸಿ, ಅದು ಒಮ್ಮೆಯೂ ಕೈಕೊಡದಿದ್ದರೋ, 21 ಇದ್ದದ್ದು ಎರಡು-ಮೂರಕ್ಕೆ ಇಳಿಯುತ್ತದೆ.

ಗಣಿತ ಇಷ್ಟು ಸುಲಭ. ಆದರೆ ಕಾಂಡೋಮ್ ಬೇಕೆನ್ನುವ ಧೈರ್ಯ ಗಣಿತದಿಂದ ಬರುವುದಿಲ್ಲ. 2010ರಲ್ಲಿ ಪ್ರಕಟವಾದ, ಕರ್ನಾಟಕದ್ದೇ ಒಂದು ಅಧ್ಯಯನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು. ಹಿಂದಿನ ವರ್ಷ ಹೊಡೆತ, ಅತ್ಯಾಚಾರ ಅನುಭವಿಸದ ಹೆಂಗಸರಲ್ಲಿ ಶೇ. 75ರಷ್ಟು ಮಂದಿ ಸಮೀಕ್ಷೆಯ ಹಿಂದಿನ ತಿಂಗಳು ಒಬ್ಬ ಗಿರಾಕಿಯೊಡನೆಯೂ ಕಾಂಡೋಮ್ ಬಿಟ್ಟಿರಲಿಲ್ಲ. ಅನುಭವಿಸಿದವರಲ್ಲಿ ಹಾಗೆ ಹೇಳಿದವರು ಶೇ. 55. ನಡುವಿನ ಆ ಇಪ್ಪತ್ತು ಯಾವ ಆಸ್ಪತ್ರೆಯ ಕಡತದಲ್ಲೂ ರೋಗಕಾರಣವೆಂದು ದಾಖಲಾಗದು.

ನಮ್ಮ ಕಡೆಯ ಊರುಗಳಲ್ಲಿ ಕೆಂಪುದೀಪದ ಬೀದಿ ಅಪರೂಪ. ದಂಧೆ ಮನೆ, ಹೊಲ, ಲಾಡ್ಜು, ಬಸ್‌ಸ್ಟ್ಯಾಂಡುಗಳಲ್ಲಿ ಚದುರಿದೆ. ರಾಜ್ಯದಲ್ಲಿ ಹಿಂದೊಮ್ಮೆ ಮಾತಾಡಿಸಿದ 1,588 ಲೈಂಗಿಕ ಕಾರ್ಯಕರ್ತೆಯರಲ್ಲಿ 414 ಮಂದಿ ದೇವದಾಸಿ ಪದ್ಧತಿಯಿಂದ ಬಂದವರು. ಹೀಗೆ ಚದುರಿದವರನ್ನು ಹುಡುಕುವುದು ಅವರಂಥವರಿಗೇ ಸಾಧ್ಯ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನ ಎಚ್‌ಐವಿ ತಡೆಯುವ ‘ಆವಾಹನ್’ ಯೋಜನೆ ತಂದಾಗ ಓಣಿಗಳಲ್ಲಿ ನಡೆದವರು ‘ಪೀರ್’ಗಳು, ಅಂದರೆ ಅದೇ ಕಸುಬಿನ ಹೆಂಗಸರು. ಚೀಲದಲ್ಲಿ ಕಾಂಡೋಮು, ತಲೆಯಲ್ಲಿ ಹೆಸರುಗಳ ಪಟ್ಟಿ. ಪೊಲೀಸರು ಹಿಡಿದರೆ ರಾತ್ರಿಯಲ್ಲೂ ಠಾಣೆಗೆ ಹೋಗುವ ತಂಡ. ಮೈಸೂರಿನಲ್ಲಿ ಅವರೇ ‘ಆಶೋದಯ’ ಸಮಿತಿ ಕಟ್ಟಿಕೊಂಡರು.

ಫಲ? ಈ ಯೋಜನೆ ದಕ್ಷಿಣ ಭಾರತದಲ್ಲಿ ಹತ್ತು ವರ್ಷಗಳಲ್ಲಿ ತಡೆದ ಸೋಂಕುಗಳು ಸುಮಾರು 6 ಲಕ್ಷ ಎಂದು 2013ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಅಂದಾಜು ಪ್ರಕಟಿಸಿತು. 3 ಲಕ್ಷವೂ ಇರಬಹುದು, 12 ಲಕ್ಷವೂ ಇರಬಹುದು; ಆಗದೇ ಹೋದದ್ದನ್ನು ಎಣಿಸುವ ಕಷ್ಟ ಅದು. ಕಡಿಮೆಯದನ್ನೇ ಹಿಡಿದರೂ ದೊಡ್ಡ ಪಟ್ಟಣವೊಂದರ ಜನ.

ಈಗ ಗಿರಾಕಿ ಮೊಬೈಲಿನಲ್ಲಿ ಮಾತಾಡುತ್ತಾನೆ, ಬಸ್‌ಸ್ಟ್ಯಾಂಡಿಗೆ ಬರುವ ಹೆಂಗಸರು ಕಡಿಮೆ. ಚೀಲ ಹಿಡಿದ ಪೀರ್‌ಗೆ ಅವರನ್ನು ಹುಡುಕುವ ಕೆಲಸ ಮತ್ತೆ ಮೊದಲಿಂದ.